ನಮ್ಮ ಆರ್ಗನ್ನಿಗೆ ಒಂದು ಮನೆ

ಆರ್ಗನ್ ನೋಡಲು ಹೋದವನಿಗೆ ಏನಾದರೊಂದು ಆಗಿಯೇ ಆಗುತ್ತದೆ. ನನಗಂತೂ ಹೋದಲ್ಲೆಲ್ಲ ಆಗಿದೆ.

ನನ್ನ ಹೆಂಡತಿ ಕಾಲಿನಿಂದ ಗಾಳಿ ತುಂಬುವ ದೊಡ್ಡ ಆರ್ಗನ್ ನುಡಿಸುತ್ತಿದ್ದಳು. ತೀರಿಕೊಳ್ಳುವ ಮೊದಲು, “ಇದನ್ನು ನುಡಿಸುವವರಿಗೆ ಕೊಡಿ, ಸುಮ್ಮನೆ ನಿಲ್ಲಿಸಿಡುವವರಿಗೆ ಬೇಡ” ಎಂದಿದ್ದಳು. ನಾನು ಶಾಲಾ ಮಾಸ್ತರ, ನುಡಿಸಲು ಬಾರದು. ನಮ್ಮ ಕಡೆಯ ಜನ ಆರ್ಗನ್ನುಗಳನ್ನು ಹೇಗೆ ಇಟ್ಟುಕೊಂಡಿದ್ದಾರೆಂದು ನೋಡಿ, ಆಮೇಲೆ ಕೊಡೋಣವೆಂದು ರಜೆಯಲ್ಲಿ ಹೊರಟೆ.

ದೇವರ ಜಾಗ

ಉಪ್ಪುಂದದ ಒಂದು ಮನೆ. ಯಜಮಾನರು ಮುಂಬಯಿಯಲ್ಲಿ ಹೋಟೆಲ್ ನಡೆಸಿ ಊರಿಗೆ ಮರಳಿದವರು. ಅವರ ಆರ್ಗನ್ ಕಂಡು ಬಾಗಿಲಲ್ಲೇ ನಿಂತುಬಿಟ್ಟೆ. ಮೈತುಂಬ ಬಳ್ಳಿಯ ಕೆತ್ತನೆ, ನೆತ್ತಿಯಲ್ಲಿ ಕನ್ನಡಿ, ನಾದ ಬದಲಿಸಲು ಎಳೆಯುವ ಬಿಳಿಯ ಗುಬಟುಗಳ ಸಾಲು. ಅದರ ಮೇಲೆ ಮನೆಯ ದೇವರ ಪಟಗಳೆಲ್ಲ ಹೂ ಮುಡಿದು ಕೂತಿದ್ದವು.

“ನುಡಿಸುತ್ತೀರಾ?” ಎಂದೆ.

“ಹ್ಯಾಂಗೆ ಮರ್ರೆ? ಮೇಲೆ ದೇವ್ರ್ ಇದ್ರಲೆ. ಕೆಳ್ಗೆ ಕಾಲ್ ಹಾಕುಕಾತ್ತಾ?”

ಒಳಗಿನಿಂದ ಅವರ ತಾಯಿ ಕೂಗಿದರು. “ದೇವ್ರನ್ನ ಫ್ರಿಜ್ಜಿನ್ ಮೇಲೆ ಇಡು ಅಂದೇಳಿ ಆವತ್ತೇ ಹೇಳಿದ್ದೆ!”

“ಫ್ರಿಜ್ಜಲ್ಲಿ ಮೀನ್ ಇತ್ತಲೆ ಅಮ್ಮ!”

ಗಾಳಿ

ಬ್ರಹ್ಮಾವರದ ಕಡೆಯ ಕ್ರೈಸ್ತರ ಒಂದು ಇಗರ್ಜಿಯಲ್ಲಿ ಆರ್ಗನ್ನಿಗೆ ಬಂಗಾರದ ಬಣ್ಣದ ಕೊಳವೆಗಳಿವೆ, ಎರಡಾಳು ಎತ್ತರಕ್ಕೆ. ನುಡಿಸುವ ಬಾಯಮ್ಮ ನನಗಾಗಿ ಒಂದು ತಗ್ಗಿನ ಸ್ವರ ಹಿಡಿದರು. ಅದು ಕಿವಿಗೆ ಕೇಳುವ ಮೊದಲೇ ಪಕ್ಕೆಲುಬಿಗೆ ತಾಗಿತು. ಕೂತಿದ್ದ ಬೆಂಚು ನಡುಗಿತು. ನಾನು ಎದ್ದು ಹೋಗಿ ಅತಿ ದೊಡ್ಡ ಕೊಳವೆಯ ಬಾಯಿಗೆ ಅಂಗೈ ಒಡ್ಡಿದೆ. ತಂಪು ಗಾಳಿ! ನಮ್ಮ ಆರ್ಗನ್ ಪೆಟ್ಟಿಗೆಗೂ ಇಂಥ ಉಸಿರಿತ್ತಲ್ಲ ಎಂದು ನನ್ನ ಕಣ್ಣು ತುಂಬಿತು.

“ಗಾಳಿ ಬಂತಾ ಮಾಸ್ಟ್ರೆ?”

“ಬಂತು.”

“ಬಪ್ಪುದೇ. ಫ್ಯಾನಿನ ಕೆಳಗೇ ನಿಂತಿದ್ರಿ. ಸ್ವರ ಬಪ್ಪುದ್ ಪೆಟ್ಟಿಗೆ ಒಳಗಿಂದ. ಆ ಕೊಳವೆ ಬರೀ ಚಂದಕ್ಕೆ.”

ಕಾವು

ಕೊಕ್ಕರ್ಣೆಯಲ್ಲಿ ಅಜ್ಜನ ಕಾಲದ ಆರ್ಗನ್ ಇದೆಯೆಂದು ಕೇಳಿ ಹೋದೆ. ಮರ ಇನ್ನೂ ಕನ್ನಡಿಯಂತೆ ಹೊಳೆಯುತ್ತಿತ್ತು. ನಾನು ಕಾಲುಹಲಗೆ ಮೆಟ್ಟುವಷ್ಟರಲ್ಲಿ ಯಜಮಾನರು ಓಡಿ ಬಂದು ನನ್ನ ಮೊಣಕಾಲನ್ನೇ ಹಿಡಿದರು. ಇಣುಕಿ ನೋಡಿದರೆ ಆರ್ಗನ್ನಿನ ಹಿಂದಿನ ಹಲಗೆ ಇರಲಿಲ್ಲ. ಒಳಗೆ ಕೋಳಿಯೊಂದು ಕೂತು ನನ್ನನ್ನೇ ದಿಟ್ಟಿಸುತ್ತಿತ್ತು.

“ಈಗ ಆತಿಲ್ಲ ಮಾಸ್ಟ್ರೆ,” ಅವರು ಪಿಸುಗುಟ್ಟಿದರು. “ಮರಿ ಆದ್ ಮೇಲೆ ಬನ್ನಿ.”

ದಾರಂದ

ಕೊನೆಗೆ ಕೋಟೇಶ್ವರದ ಹೆಂಗಸರ ಭಜನಾ ತಂಡವೊಂದಕ್ಕೆ ಕೊಡುವುದೆಂದು ನಿಶ್ಚಯಿಸಿದೆ. ಅವರ ಹಿರಿಯಕ್ಕನಿಗೆ ಹಾರ್ಮೋನಿಯಂ ಚೆನ್ನಾಗಿ ಬರುತ್ತದೆ. ತಂಡದವರು ನಮ್ಮ ಮನೆಗೆ ತಂತಮ್ಮ ಗಂಡಂದಿರನ್ನೂ ಒಂದು ಟೆಂಪೋವನ್ನೂ ಕರೆತಂದರು. ಗಂಡಸರು ಆರ್ಗನ್ನನ್ನು ತಳ್ಳಿ ಬಾಗಿಲಿಗೆ ತಂದರು. ಬೆರಳಿಡುವ ಸ್ವರಮನೆಗಳಿರುವ ಮುಂಭಾಗ ಜಗಲಿಗೆ ದಾಟಿತು. ಹಿಂಭಾಗದ ಅಗಲ ಹಲಗೆ ದಾರಂದದಲ್ಲಿ, ಬಾಗಿಲ ಚೌಕಟ್ಟಿನಲ್ಲಿ, ಸಿಕ್ಕಿಕೊಂಡಿತು. ಇತ್ತಲೂ ಇಲ್ಲ, ಅತ್ತಲೂ ಇಲ್ಲ.

“ಮತ್ತೆ ಒಳಗೆ ಹ್ಯಾಂಗ್ ತಂದದ್ದ್ ಮರ್ರೆ?”

ಆಗ ನನಗೆ ಹೊಳೆಯಿತು. ಆರ್ಗನ್ ಒಳಗೆ ಬಂದ ಮೇಲೆ ಈ ದಾರಂದ ಕೂರಿಸಿದ್ದು. ನಿಂತು ಅಳತೆ ಹೇಳಿ ಆಚಾರಿಯಿಂದ ಮಾಡಿಸಿದವಳು ನನ್ನ ಹೆಂಡತಿ.

ಎಲ್ಲರೂ ಜಗಲಿಯಲ್ಲಿ, ನಾನೊಬ್ಬ ಒಳಗೆ. ಗಂಡಸರು ಗರಗಸ ತರುವ ಮಾತಾಡತೊಡಗಿದರು. ಹಿರಿಯಕ್ಕ ಮಾತ್ರ ಒಂದು ಕುರ್ಚಿ ಎಳೆದುಕೊಂಡು ಕೂತು ಕಾಲುಹಲಗೆ ಮೆಟ್ಟಿದರು. ಅಷ್ಟು ದಿನ ಮುಚ್ಚಿದ್ದ ಪೆಟ್ಟಿಗೆ ಒಮ್ಮೆ ಕೆಮ್ಮಿ, ಆಮೇಲೆ ಬಾಯಿಬಿಟ್ಟು ಹಾಡಿತು. ಗೋಡೆಯ ಮೇಲಿನ ಅವಳ ಪಟವೂ ಅದುರಿತು. ಗರಗಸದ ಮಾತು ನಿಂತಿತು. ಹೆಂಗಸರು ಅಲ್ಲೇ ಜಗಲಿಯಲ್ಲಿ ಕೂತು ಭಜನೆ ಎತ್ತಿಕೊಂಡರು. ನಾನು ಹಿತ್ತಿಲ ಬಾಗಿಲಿಂದ ಸುತ್ತಿ ಜಗಲಿಗೆ ಹೋಗಬಹುದಿತ್ತು, ಹೋಗಲಿಲ್ಲ. ಹಿಂಭಾಗದ ಹಲಗೆಗೆ ಎರಡೂ ಅಂಗೈ ಒತ್ತಿ ನಿಂತೆ. ಒಳಗೆ ಉಸಿರು ಏರುತ್ತಿತ್ತು, ಇಳಿಯುತ್ತಿತ್ತು.

ಮಂಗಳ ಮುಗಿದ ಮೇಲೆ ಹಿರಿಯಕ್ಕ ಕೂಗಿದರು. “ಹ್ವಾಯ್ ಮಾಸ್ಟ್ರೆ, ಹ್ಯಾಂಗೂ ಒಳಗೇ ಇದ್ರಿ. ಒಂಚೂರ್ ಚಾ ಮಾಡಿ!”

ಹೆಂಡತಿ ಹೋದ ಮೇಲೆ ನಮ್ಮ ಒಲೆಯ ಮೇಲೆ ಬೇರೆಯವರಿಗೆಂದು ಏನೂ ಕುದಿದಿರಲಿಲ್ಲ. ಮಾಡಿ, ಲೋಟಗಳನ್ನು ಒಂದೊಂದಾಗಿ ಆರ್ಗನ್ನಿನ ಮೇಲಿಂದ ದಾಟಿಸಿದೆ. ಹಿರಿಯಕ್ಕ ಒಂದು ಗುಟುಕು ಕುಡಿದು ಮುಖ ಕಿವಿಚಿದರು. ಲೋಟ ಕೆಳಗಿಟ್ಟರು.

“ಆರ್ಗನ್ ಇಲ್ಲೇ ಇರ್ಲಿ ಮಾಸ್ಟ್ರೆ, ಶನಿವಾರ ಶನಿವಾರ ನಾವೇ ಬತ್ತೊ. ನೀವ್ ಅಷ್ಟ್ರೊಳ್ಗೆ ಚಾ ಮಾಡುಕೆ ಕಲ್ತ್ಕಣಿ.”