ಬಕೆಟ್ಟಿಗೆ ಕಣ್ಣು ಬಂದದ್ದು

ಓದಿದ್ದನ್ನೆಲ್ಲ ಊಟದ ಹೊತ್ತಿಗೆ ಮನೆಯವರ ಮುಂದೆ ಒದರುವ ಚಟ ಎಲ್ಲ ಮೇಷ್ಟ್ರುಗಳಿಗೂ ಇರುತ್ತದೋ, ನನಗೊಬ್ಬನಿಗೇ ಅಂಟಿದೆಯೋ ತಿಳಿಯದು. ಹುಮನಾಬಾದಿನಲ್ಲಿ ವಿಜ್ಞಾನ ಕಲಿಸುವ ನಾನು ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲವೆಂದು ಬರೆದು ಬರೆದು ಸೀಮೆಸುಣ್ಣ ಸವೆಸಿದವನು. ಅಂಥವನು ಬಸ್‌ಸ್ಟ್ಯಾಂಡಿನಲ್ಲಿ ಒಂದು ವಿಜ್ಞಾನ ಪತ್ರಿಕೆ ಕೊಂಡೆ. ಪ್ಲಾಸ್ಟಿಕ್ಕಿನ ಜಾತಿಯ ಕೆಲವು ವಸ್ತುಗಳು ಅರೆವಾಹಕಗಳಂತೆ. ಬೆಳಕು ಬಿದ್ದರೆ ಅವುಗಳಲ್ಲಿ ಕರೆಂಟು ಹುಟ್ಟುತ್ತದಂತೆ. ಅವುಗಳಿಂದ ಬೆಳಕನ್ನು ಪತ್ತೆಹಚ್ಚುವ ಸಾಧನ ಮಾಡಬಹುದಂತೆ! ಇನ್ನೊಮ್ಮೆ ಓದಿದೆ. ಮೊದಲ ಸಲ ಅರ್ಥವಾದದ್ದೂ ಹೋಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ! “ಅವ್ವಾ, ಪ್ಲಾಸ್ಟಿಕ್ಕಿನ್ಯಾಗೂ ಕರೆಂಟ್ ಹಾಯ್ತದಂತ. ಇನ್ನ ಮುಂದ ಅದಕ್ಕೂ ಕಣ್ಣ ಬರ್ತಾವ, ಬೆಳಕ ನೋಡ್ತದ” ಎಂದು ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ.

ನಮ್ಮ ಊರು ರಾಜೇಶ್ವರದಿಂದ ಬಂದು ನಮ್ಮಲ್ಲಿದ್ದ ಅವ್ವ ಮರುದಿನ ಸ್ನಾನಕ್ಕೇ ಹೋಗಲಿಲ್ಲ. ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಒಂದು ಗುಟುಕು ಚಹಾ ಕೂಡ ಇಲ್ಲ. ಹೊತ್ತು ನೆತ್ತಿಗೇರಿತು. ಅವ್ವನ ಮುಖ ಬಾಡಿದ್ದು ಕಂಡು ಏನಾಯಿತೆಂದು ಹೆಂಡತಿಯನ್ನು ಕೇಳಿದೆ.

“ಬಚ್ಚಲದಾಗಿನ ಕೆಂಪು ಬಕೆಟ್ ನೋಡ್ತದ ಅಂತಾರ್ರಿ ಅತ್ತಿಯವರು. ತಲ್ಯಾಗ ತುಂಬಿದವರು ನೀವು, ತಗೀರಿ ನೀವೇ” ಎಂದಳು ಹೆಂಡತಿ. ತಗಡಿನ ಬಕೆಟ್ಟಿನ ತಳ ಹೋದ ಮೇಲೆ ಹಳೆ ಸೀರೆಗಳನ್ನು ಕೊಟ್ಟು ಇದನ್ನು ತಂದವಳು ಅವಳೇ. ಮನೆಯಲ್ಲಿ ಬೇರೆ ಬಕೆಟ್ಟಿಲ್ಲ, ಅಡುಗೆಮನೆಯ ಪಾತ್ರೆ ಬಚ್ಚಲಿಗೆ ಒಯ್ಯಲು ಅವ್ವ ಒಪ್ಪುವುದಿಲ್ಲ.

“ಅವ್ವಾ, ಅದು ಬ್ಯಾರೆ ಪ್ಲಾಸ್ಟಿಕ್. ಇದು ಬರೇ ಬಕೆಟ್.”

“ಮೊದಲ ಪ್ಲಾಸ್ಟಿಕ್ಕಿನ್ಯಾಗ ಕರೆಂಟ್ ಹಾಯಂಗಿಲ್ಲ ಅಂತಿದ್ದಿ. ನಿನ್ನಿ ಹಾಯ್ತದ ಅಂದಿ. ನಾಳಿ ಏನಂತಿ?”

“ಅದು ನಮ್ಮಂಗ ನೋಡಂಗಿಲ್ಲವ್ವ. ಬೆಳಕ ಬಿದ್ರ ಕರೆಂಟ್ ಹುಟ್ತದ, ಅಷ್ಟ.”

“ಮತ್ತ ನಮ್ಮ ಕಣ್ಣಾಗ ಏನ ಹುಟ್ತದ?”

ಕಣ್ಣಿನ ಪಾಠವನ್ನೂ ನಾನೇ ಮಾಡುತ್ತೇನೆ. ನೆನಪಿಸಿಕೊಂಡರೆ ಅಲ್ಲೂ ಎಂಥದೋ ಕರೆಂಟಿನ ಮಾತೇ ಬರುತ್ತದೆ! ಯಾರು ನೋಡುತ್ತಾರೆ, ಯಾವುದು ನೋಡುವುದಿಲ್ಲ, ಒಂದೂ ಬಗೆಹರಿಯಲಿಲ್ಲ.

“ಬೆಳಕ ಇಲ್ಲಂದ್ರ?” ಅವ್ವನೇ ಕೇಳಿದಳು.

“ಬೆಳಕ ಇಲ್ಲಂದ್ರ ಅದಕ್ಕೇನೂ ತಿಳ್ಯಂಗಿಲ್ಲ.”

“ಅದನ್ನ ಮೊದಲ ಹೇಳಬೇಕಿಲ್ಲೋ ಹುಚ್ಚಪ್ಪ!”

ನಮ್ಮ ಬಚ್ಚಲಿಗೆ ಕಿಟಕಿಯಿಲ್ಲ. ಅವ್ವ ಲೈಟು ಆರಿಸಿ ಕದ ಹಾಕಿಕೊಂಡಳು. ನೀರಿನ ಸದ್ದು ಕೇಳಿದಾಗ ನನಗೆ ಜೀವ ಬಂದಂತಾಯಿತು. ಪೂಜೆ ಮುಗಿಸಿ ಆಕೆ ರೊಟ್ಟಿ ಮುರಿಯುವುದನ್ನು ಎದುರಿಗೇ ಕೂತು ನೋಡಿದೆ.

ಮರುದಿನ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದೆ. ಇದು ಆ ಪ್ಲಾಸ್ಟಿಕ್ ಅಲ್ಲ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಕೆಂಪು ಬಕೆಟ್ಟು ಎದುರಿಗೇ ಇತ್ತು.

“ಯಾಕ್ರಿ, ಬಚ್ಚಲ ಲೈಟ್ ಆರಿಸೀರಿ?” ಹೊರಗಿನಿಂದ ಹೆಂಡತಿ ಕೂಗಿದಳು.

“ಕರೆಂಟ್ ಹೋಗ್ಯದ!” ಎಂದೆ.

ಅಡುಗೆಮನೆಯ ಲೈಟು ಉರಿಯುತ್ತಿದ್ದದ್ದು ಕದದ ಸಂದಿಯಿಂದ ಕಾಣುತ್ತಿತ್ತು. ಮೊದಲು ಆ ಸಂದಿಗೆ ಟವೆಲ್ಲು ತುರುಕಿದೆ, ಆಮೇಲೆ ಬನಿಯನ್ನು ತೆಗೆದೆ.