ಬೆಟಗೇರಿಯ ಹಂಡೆಯೂ ನಮ್ಮ ಕಾಕಾನ ಗಣಿತವೂ

ನಮ್ಮ ಕಾಕಾ ಅವರಿಗೆ ಲೆಕ್ಕ ಬರುವುದಿಲ್ಲ. ಗದಗಿನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದ ಹಿರಿಯರ ಬಗ್ಗೆ ಹೀಗೆ ಬರೆಯಬಹುದೇ ಎಂದು ನೀವು ಹುಬ್ಬೇರಿಸಬಹುದು. ಆದರೆ ನನ್ನ ತಂಗಿಯ ಮದುವೆಯಲ್ಲಿ ಅಡುಗೆಯವನು ಬಂದು, "ಸರ್, ಮುಂದಿನ ಪಂಕ್ತಿಗೆ ಎಷ್ಟು ಎಲಿ ಹಾಕೋಣ್ರಿ?" ಎಂದು ಕೇಳಿದಾಗ ಇವರು ಚಪ್ಪರವನ್ನೊಮ್ಮೆ ಗಂಭೀರವಾಗಿ ನೋಡಿ, "ಅನಂತ ಅಲ್ಲ, ಇಷ್ಟು ಖಾತ್ರಿ" ಎಂದರು. ಅಡುಗೆಯವನು ಮತ್ತೆ ಅವರ ಕಡೆ ಸುಳಿಯಲಿಲ್ಲ.

ಇನ್ನೊಮ್ಮೆ ಇಬ್ಬರೂ ಲಕ್ಷ್ಮೇಶ್ವರಕ್ಕೆ ಹೊರಟಿದ್ದೆವು. ನಾನೋ ಕಳವಳದ ಪ್ರಾಣಿ. ಬಸ್ಸು ಹತ್ತುವ ಮೊದಲು ಅದರ ಗಾಲಿಗಳನ್ನು ಒಂದು ಸುತ್ತು ನೋಡಿ ಬರುವವನು. ಅಷ್ಟರಲ್ಲಿ ಕಾಕಾ ರಸ್ತೆಯ ತಿರುವು, ಸೂರ್ಯನ ನಡಿಗೆ ಎರಡನ್ನೂ ಗಾಳಿಯಲ್ಲಿ ಬೆರಳಿನಿಂದ ಬರೆದು, ಬಿಸಿಲು ಬೀಳದ ಸೀಟು ಹಿಡಿದಿದ್ದರು. ಡಂಬಳದ ಹತ್ತಿರ ಕಂಡಕ್ಟರ್ ಗದ್ದಲ ಸೀಳಿಕೊಂಡು ಬಂದು, "ಇದು ಮುಂಡರಗಿ ಗಾಡಿರಿ" ಎಂದ. ಫಲಕ ಓದುವ ಕೆಲಸವನ್ನು ನಾನು ಅವರಿಗೆ ಬಿಟ್ಟಿದ್ದೆ, ಅವರು ನನಗೆ. ಕಾಕಾ ಮಾತ್ರ ಅಲುಗಲಿಲ್ಲ.

"ಬ್ಯಾರೆ ದಾರಿ ಆದ್ರೂ ಬಿಸಲು ಬಡೀಲಿಲ್ಲಲ್ಲೋ ತಮ್ಮಾ. ಸೂತ್ರ ಎಷ್ಟು ಗಟ್ಟಿ ಐತಿ ನೋಡು."

ಇಂಥವರು ಎಂಬತ್ತರ ದಶಕದ ಒಂದು ಬೇಸಿಗೆಯ ಮೊದಲಿಗೆ, ಬೆಟಗೇರಿಯ ನೇಕಾರರ ಓಣಿಯವರ ಜೊತೆ "ಜಂಟಿ ಸಂಶೋಧನೆ" ಮಾಡುತ್ತೇನೆಂದು ಹೊರಟರೆ ನನಗೆ ಊಟ ಸೇರುವುದು ಹೇಗೆ? ಜನ ಹಿಡಿದು ಬಡಿದಾರು ಎಂದು ನಾನೂ ಜೊತೆಗೆ ಹೋದೆ. ಇಬ್ಬರಿದ್ದರೆ ಪೆಟ್ಟು ಹಂಚಿಹೋಗುತ್ತದಲ್ಲ!

ಆ ಓಣಿಯ ಮಗ್ಗಗಳಿಗೆಲ್ಲ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದವರು ಹುಸೇನಸಾಬರು. ಇದ್ದದ್ದು ಒಂದೇ ದೊಡ್ಡ ತಾಮ್ರದ ಹಂಡೆ. ಮನೆಗಳ ಹಿರಿತನದ ಪ್ರಕಾರ ಪಾಳಿ ಎಂಬುದು ಓಣಿಯ ರೂಢಿ. ಹಿರಿಮನೆಯ ಅಜ್ಜನ ಕಪ್ಪು ನೂಲು ಮೊದಲು. ಆಮೇಲೆ ಒಬ್ಬರ ಹಳದಿ, ಮತ್ತೊಬ್ಬರ ನೇರಳೆ, ಮಗದೊಬ್ಬರ ಕೇಸರಿ. ಕಡು ಬಣ್ಣದ ಬೆನ್ನಿಗೆ ತಿಳಿ ಬಣ್ಣ ಬಂದಾಗಲೆಲ್ಲ ಹಂಡೆಯನ್ನು ತಿಕ್ಕಿ ತೊಳೆಯಬೇಕು. ಬಾವಿಯ ನೀರೆಲ್ಲ ಅದಕ್ಕೇ ಹೋಗಿ, ಬಾವಿ ತಳ ಕಾಣುತ್ತಿತ್ತು. ಈ ಬೇಸಿಗೆಗೆ ನೀರು ಬತ್ತಿದರೆ ಬಣ್ಣದ ಮನೆ ಮುಚ್ಚಿ ಮಹಾರಾಷ್ಟ್ರದ ಮಗ್ಗಗಳ ಊರು ಇಚಲಕರಂಜಿಗೆ ಹೋಗುವುದೆಂದು ಸಾಬರು ಗಟ್ಟಿ ಮಾಡಿದ್ದರು. ಅವರ ಬೀಬಿ ಆಗಲೇ ಗಂಟು ಕಟ್ಟತೊಡಗಿದ್ದರು.

"ತಿಳಿ ಬಣ್ಣ ಮೊದಲ, ಕಡು ಬಣ್ಣ ಆಮ್ಯಾಲೆ. ಇಷ್ಟ ಅಲ್ಲೇನ್ರಿ?" ಎಂದರು ಕಾಕಾ.

"ಅದು ನಮ್ಮಪ್ಪಗೂ ಗೊತ್ತಿತ್ರಿ ಸರ್," ಎಂದರು ಸಾಬರು. "ಬರೇ ಹಳದೀನ ಹಾಕ್ಕೋತ ಕುಂತ್ರ ಉಳಿದೋರ ಮಗ್ಗ ನಿಂದರತಾವು. ಮ್ಯಾಲೆ, ಹಿರಿಮನಿ ಅಜ್ಜಾರಿಗೆ ನೀವು ಕಡೀಕ ಬರ್ರಿ ಅಂತ ಹೇಳಾವರು ಯಾರು?"

ಕಾಕಾ ಅವರ ಮುಖ ಅರಳಿತು. ಸುಲಭದ ಪ್ರಶ್ನೆಯೆಂದರೆ ಅವರಿಗೆ ಅವಮಾನ.

ಮುಂದೆ ಕೆಲವು ವಾರ ಅದೇ ಕೆಲಸ. ಯಾವ ಬಣ್ಣದ ಮೇಲೆ ಯಾವುದು ಬಂದರೆ ಎಷ್ಟು ತೊಳೆಯಬೇಕೆಂದು ಸಾಬರು ಹೇಳುವರು. ಯಾವ ಮಗ್ಗ ಯಾವಾಗ ನೂಲಿಗೆ ಬಾಯಿ ಬಿಡುತ್ತದೆಂದು ಕಾಕಾ ಮನೆ ಮನೆ ತಿರುಗಿ ಕೇಳಿ ಬಂದು, ಎಲ್ಲವನ್ನೂ ಜೋಡಿಸಿ ಅಂಗಳದ ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವರು. ಮುಂಜಾನೆ ಬೀಬಿ ಕಸ ಹೊಡೆದಾಗ ಅರ್ಧ ಸಮೀಕರಣ ಮಾಯ. "ಹೋದದ್ದು ತಪ್ಪ ಇತ್ತು ಬಿಡ್ರಿ" ಎಂದು ಕಾಕಾ ಮತ್ತೆ ಕೂರುವರು.

ಕೊನೆಗೆ ಹೊಸ ಪಾಳಿ ಸಿದ್ಧವಾಯಿತು. ಮೊದಲ ದಿನ ಒಲೆ ಹೊತ್ತಿಸಿ ಕಾದೆವು. ಒಬ್ಬರೂ ನೂಲು ತರಲಿಲ್ಲ. ಎಲ್ಲರೂ ಎಲ್ಲೋ ಕಲ್ಲು ಆರಿಸುತ್ತಿದ್ದಾರೆ ಎಂದು ನಾನು ಓಡುವ ದಾರಿ ನೋಡಿಕೊಂಡೆ. ಹೋಗಿ ವಿಚಾರಿಸಿದರೆ ಆ ದಿನ ಅಮವಾಸ್ಯೆ. ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಕಾಕಾ ಬಂಡೆಯ ಮುಂದೆ ಕುಸಿದು ಕುಳಿತರು.

"ಲೇ ತಮ್ಮಾ, ಇದರಾಗ ಚಂದ್ರನ ಇಲ್ಲಲ್ಲೋ."

"ಹಂಗ ಶುಕ್ರವಾರ ಮಧ್ಯಾಹ್ನದ ನಮಾಜೂ ಇಲ್ರಿ" ಎಂದು ಸಾಬರು ಮೆಲ್ಲಗೆ ಸೇರಿಸಿದರು.

ಲೆಕ್ಕದೊಳಗೆ ಚಂದ್ರ ಬಂದ, ಶುಕ್ರವಾರ ಬಂತು, ಪಾಳಿ ಸರಿಹೋಯಿತು. ಉಳಿದದ್ದು ಹಿರಿಮನೆಯ ಅಜ್ಜನನ್ನು ಒಪ್ಪಿಸುವುದು. ಅವರ ಕಟ್ಟೆಯ ಮೇಲೆ ಕಾಕಾ ಸೀಮೆಸುಣ್ಣದಿಂದ ದುಂಡಗೆ ಒಂದು ಗೆರೆ ಎಳೆದು, ಸುತ್ತಲೂ ಎಲ್ಲ ಬಣ್ಣಗಳನ್ನು ಬರೆದರು.

"ನನ್ನ ಕಪ್ಪು ಕಡೀಕ ಐತೇನಪಾ?" ಎಂದು ಕೇಳಿದರು ಅಜ್ಜ. ದನಿ ಬಿಗಿಯಾಗಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೆ.

"ದುಂಡಗಿಂದಕ್ಕ ಕಡೀ ಎಲ್ಲೈತ್ರಿ ಅಜ್ಜಾರ? ನಿಮ್ಮಿಂದ ಎಣಸ್ರಿ. ಮೊದಲ ನಿಮ್ಮ ಕಪ್ಪು. ಆಮ್ಯಾಲೆ ಹಂಡೆ ತೊಳಿಯೂದು. ಆಮ್ಯಾಲೆ ಹಳದಿ, ಕೇಸರಿ, ಕೆಂಪು, ನೇರಳೆ. ತಿರುಗಿ ನೀವು."

ಅಜ್ಜ ಬೆರಳಿಟ್ಟು ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು ತಿರುಗಿಸಿದರು.

"ಅಂದ್ರ ನನಗ ಒಬ್ಬಾವಗ ಹಂಡೆ ತೊಳಿತೀರಿ. ಉಳದೋರು ಯಾರಿಗೂ ಇಲ್ಲ."

"ಯಾರಿಗೂ ಇಲ್ರಿ."

"ಆತು. ಮಾಡ್ರಿ ಹಂಗಾರ."

ಆ ಬೇಸಿಗೆ ಬಾವಿ ಬತ್ತಲಿಲ್ಲ. ಮಗ್ಗಗಳು ನೂಲಿಗಾಗಿ ಕಾಯಲಿಲ್ಲ. ಅದೇ ಬಾವಿಗೆ ಬರುತ್ತಿದ್ದ ಹೆಂಗಸರ ಕೊಡಗಳೂ ತುಂಬಿದವು, ಜಗಳ ಕಡಿಮೆಯಾಗಿ ಓಣಿ ಸ್ವಲ್ಪ ಸಪ್ಪಗಾಯಿತು. ಗಣಿತದಿಂದ ಉದ್ಯಮಕ್ಕೂ ಸಮಾಜಕ್ಕೂ ಆಗುವ ಲಾಭದ ಬಗ್ಗೆ ಭಾಷಣ ಮಾಡಲು ಕಾಲೇಜಿನವರು ಕಾಕಾ ಅವರನ್ನು ವೇದಿಕೆಗೆ ಹತ್ತಿಸಿದರು. ಅವರು ಇಡೀ ಹೊತ್ತು ಅಮವಾಸ್ಯೆಯ ಬಗ್ಗೆ ಮಾತಾಡಿ ಇಳಿದರು.

ಇಷ್ಟಾದರೂ ಸಾಬರು ಇರುತ್ತಾರೋ ಹೋಗುತ್ತಾರೋ ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಕಾಕಾ ಅವರಿಗೂ ಇರಲಿಲ್ಲ ಎಂದು ಕಾಣುತ್ತದೆ. ಮೊದಲ ಮಳೆ ಬಿದ್ದ ಮೇಲೆ ಇಬ್ಬರೂ ಅವರ ಮನೆಗೆ ಹೋದೆವು. ಬೀಬಿ ಹಿತ್ತಲಲ್ಲಿ ಕುಣಿ ತೋಡಿ ತೆಂಗಿನ ಸಸಿ ಇಡುತ್ತಿದ್ದರು.

"ಇದು ಕಾಯಿ ಬಿಡಾಕ ಭಾಳ ವರ್ಷ ಬೇಕಲ್ರಿ?" ಎಂದೆ ನಾನು.

"ಬೇಕ ಬೇಕ್ರಿ," ಎಂದರು ಬೀಬಿ, ಮಣ್ಣು ಒತ್ತುತ್ತ. "ಇಲ್ಲೇ ಇರತೀವಲ್ಲ, ಅವಸರ ಏನೈತಿ?"

ಕಾಕಾ ಬಾವಿಗೆ ಹೋಗಿ ಕೊಡ ತುಂಬಿ ತಂದರು. ಧೋತರ ತೊಯ್ದು ಕಾಲಿಗೆ ಅಂಟಿತ್ತು. ಬಗ್ಗಿ, ಸಸಿಯ ಬುಡಕ್ಕೆ ನಿಧಾನವಾಗಿ ಸುರಿಯತೊಡಗಿದರು. "ಸಾಕ್ರಿ ಸರ್, ಸಾಕು" ಎಂದು ಬೀಬಿ ಹೇಳುತ್ತಲೇ ಇದ್ದರು. ಕೊಡ ಬರಿದಾಗುವವರೆಗೆ ಕಾಕಾ ತಲೆ ಎತ್ತಲಿಲ್ಲ.