ನಾನೇ ಕಂಡೆಮ್ ಮಾಡಿದ ಕರೆಂಟ್ ಕಾರು

ಹೊನ್ನು, ಹೆಣ್ಣು, ಮಣ್ಣು ಈ ಮೂರರಿಂದ ಮನುಷ್ಯ ಕೆಡುತ್ತಾನೆಂದು ಹಿರಿಯರು ಎಚ್ಚರಿಸಿದ್ದಾರೆ. ಐವತ್ತೆರಡು ವರ್ಷ ನಾನು ಈ ಮೂರರಿಂದಲೂ ಕ್ಷೇಮಕರವಾದ ದೂರದಲ್ಲೇ ಇದ್ದೆ. ಹಿರಿಯರ ಕಾಲದಲ್ಲಿ ಬ್ಯಾಟರಿ ಇರಲಿಲ್ಲವಾಗಿ ಅದರ ವಿಷಯ ಯಾರೂ ನನಗೆ ಹೇಳಲಿಲ್ಲ.

ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ಸೂಪರಿಂಟೆಂಡೆಂಟ್. ಹುದ್ದೆಯ ಹೆಸರು ಉದ್ದ, ಕೆಲಸ ಎರಡೇ. ಹೊಸ ಸಾಮಾನು ಬಂದರೆ ಪುಸ್ತಕದಲ್ಲಿ ಬರೆಯುವುದು. ಹಳೆಯದಾದರೆ ಕಂಡೆಮ್ ಮಾಡುವುದು. ಕಂಡೆಮ್ ಮಾಡುವುದೆಂದರೆ, ‘ಪರೀಕ್ಷಿಸಿ ನೋಡಲಾಗಿ ಈ ವಸ್ತುವು ಉಪಯೋಗಕ್ಕೆ ಯೋಗ್ಯವಲ್ಲವೆಂದು ಕಂಡುಬಂದಿದೆ’ ಎಂದು ಸರ್ಟಿಫಿಕೇಟು ಬರೆದು ಸಹಿ ಹಾಕುವುದು. ಹನ್ನೆರಡು ವರ್ಷ ಇಂಥ ಸಹಿ ಹಾಕಿದ್ದೇನೆ. ಒಂದನ್ನೂ ಪರೀಕ್ಷಿಸಿ ನೋಡಿದವನಲ್ಲ. ಯಾವ ಆಫೀಸರಿಗೆ ಹೊಸ ಫ್ಯಾನು ಬೇಕೋ ಅವರ ಕೋಣೆಯ ಹಳೆಯ ಫ್ಯಾನು ಅಯೋಗ್ಯ, ಅಷ್ಟೇ ಪರೀಕ್ಷೆ. ಹಾಗೆ ನಾನು ಅಯೋಗ್ಯವೆಂದು ಬರೆದ ಕುರ್ಚಿ, ಗಡಿಯಾರ, ಫ್ಯಾನುಗಳು ಹರಾಜಿನಲ್ಲಿ ಕೊಂಡವರ ಮನೆಗಳಲ್ಲಿ ಇವತ್ತಿಗೂ ಸೊಗಸಾಗಿ ಬಾಳುತ್ತಿವೆ. ಆದ್ದರಿಂದ ನನ್ನ ಸಹಿ ಬಿದ್ದ ವಸ್ತು ಗಟ್ಟಿಮುಟ್ಟಾಗಿರುತ್ತದೆಂದು ನನಗೇ ಒಂದು ದೃಢವಾದ ನಂಬಿಕೆ ಬೆಳೆದಿತ್ತು.

ಪೆಟ್ರೋಲಿನ ಬೆಲೆ ಗಗನಕ್ಕೇರಿದಾಗ ಆಗಿನ ಜನರಲ್ ಮ್ಯಾನೇಜರು ನಮ್ಮ ಇಂಜಿನಿಯರುಗಳಿಂದ ಒಂದು ಕರೆಂಟ್ ಕಾರು ಕಟ್ಟಿಸಿದ್ದರು. ಸೀಟಿನ ಕೆಳಗೆ ಎಂಟು ಬ್ಯಾಟರಿ. ಅತಿಥಿಗಳು ಬಂದರೆ ಅವರನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಸುತ್ತಾಡಿಸುತ್ತಿತ್ತು. ಎರಡು ವರ್ಷದಲ್ಲಿ ಆ ಮ್ಯಾನೇಜರು ವರ್ಗವಾಗಿ ಹೋದರು. ಹೊಸಬರಿಗೆ ಶಬ್ದ ಮಾಡುವ ಕಾರೇ ಇಷ್ಟ. ಕರೆಂಟ್ ಕಾರಿನ ಫೈಲು ನನ್ನ ಮೇಜಿಗೆ ಬಂತು. ಪರೀಕ್ಷಿಸಿ ನೋಡಲಾಗಿ ಎಂದು ಬರೆದೆ. ಸಹಿ ಹಾಕಿದೆ. ಆಮೇಲೆ ಅದನ್ನು ಕೊಳ್ಳಲು ಟೆಂಡರನ್ನೂ ಹಾಕಿದೆ.

ನೌಕರನೇ ಟೆಂಡರು ಹಾಕುವುದು ನಿಯಮಕ್ಕೆ ವಿರುದ್ಧವಾದ್ದರಿಂದ ಹೆಂಡತಿಯ ಹೆಸರಿನಲ್ಲಿ ಹಾಕಿದ್ದೆ. ಬಂದದ್ದು ಅದೊಂದೇ. ಗುಜರಿಯವರು ಕೂಡ ಹಾಕಿರಲಿಲ್ಲ. ಇದನ್ನು ನಾನು ಅದೃಷ್ಟವೆಂದು ತಿಳಿದೆ.

ಕಾರಿನ ಮಾಲೀಕಳಾದ ಶಿವಗಂಗೆಗೆ ವಿಷಯ ತಿಳಿದದ್ದು ಅದು ಬಾಗಿಲಿಗೆ ಬಂದು ನಿಂತ ಮೇಲೆ.

“ಇದೇನ್ರೀ ಇದು?”

“ನಿನ್ನ ಕಾರು.”

“ಸದ್ದೇ ಇಲ್ಲ. ಕೆಟ್ಟೋಗಿದ್ಯಾ?”

“ಕೆಟ್ಟಿಲ್ಲ ಕಣೇ. ಕರೆಂಟಲ್ಲಿ ಓಡತ್ತೆ. ಪೆಟ್ರೋಲ್ ಬೇಡ, ಹೊಗೆ ಇಲ್ಲ.”

“ನಮ್ಮನೇಲಿ ಕರೆಂಟ್ ಯಾವಾಗಿರತ್ತೆ?”

ಜಲಾಶಯಗಳು ಬತ್ತಿ ದಿನಕ್ಕೆ ಎರಡು ಸಲ ಕರೆಂಟು ತೆಗೆಯುತ್ತಿದ್ದ ಕಾಲ ಅದು. ಆದರೂ ವಾಹನ ಮನೆಗೆ ಬಂದ ದಿನ ಹೆಂಗಸರು ಅಪಶಕುನ ನುಡಿಯಬಾರದೆಂದು ಅವಳಿಗೆ ತಿಳಿಹೇಳಿದೆ.

ನಿಜ ಹೇಳಬೇಕೆಂದರೆ ಕಾರು ಕೊಂಡದ್ದು ಮಗಳಿಗಾಗಿ. ಮಂಗಳ ಬಿ.ಕಾಂ. ಮುಗಿಸಿ ನಾಲ್ಕು ವರ್ಷದಿಂದ ಬ್ಯಾಂಕಿನ ಪರೀಕ್ಷೆ ಬರೆಯುತ್ತಿದ್ದಳು. ಈ ಸಲ ಪಾಸಾಗಿದ್ದಳು. ಇಂಟರ್‌ವ್ಯೂಗೆ ಕರೆ ಬರುವುದಿತ್ತು. ವರ್ಷ ಮುಗಿದರೆ ವಯೋಮಿತಿ ಮೀರುತ್ತಿದ್ದುದರಿಂದ ಇದೇ ಕೊನೆಯ ಅವಕಾಶ. ಅವಳು ಬಸ್ಸಿನಲ್ಲಿ ನಜ್ಜುಗುಜ್ಜಾಗಿ ಹೋಗಿ ದೊಡ್ಡ ಮನುಷ್ಯರ ಮುಂದೆ ನಿಲ್ಲಬಾರದು, ಬ್ಯಾಂಕಿನ ಬಾಗಿಲಲ್ಲಿ ಕಾರಿನಿಂದ ಇಳಿಯಬೇಕು ಎಂದು ನಾನು ಸಂಕಲ್ಪ ಮಾಡಿದ್ದೆ. ಮಾಡಿದ್ದಲ್ಲದೆ ಇಡೀ ಬೀದಿಗೆ ಹೇಳಿಯೂ ಇದ್ದೆ.

ನಾವಿದ್ದದ್ದು ಮಹಡಿಯ ಮೇಲೆ. ಕಾರು ಕೆಳಗೆ, ಬೀದಿಯಲ್ಲಿ. ಅಡುಗೆಮನೆಯ ಕಿಟಕಿಯಿಂದ ವೈರು ಇಳಿಬಿಟ್ಟು ಅದಕ್ಕೆ ಕರೆಂಟು ಕುಡಿಸಬೇಕು. ಹತ್ತು ಗಂಟೆ ಕುಡಿಸಿದರೆ ಮೂವತ್ತು ಮೈಲಿ ಓಡುತ್ತದೆಂದು ಫೈಲಿನಲ್ಲಿತ್ತು. ನಾನು ಸ್ವಿಚ್ಚು ಹಾಕಿದ ಕೂಡಲೇ ಮೇಲಿನ ಕೆಳಗಿನ ಎರಡೂ ಮನೆಯ ದೀಪಗಳು ಅರಿಸಿನದ ಬಣ್ಣಕ್ಕೆ ತಿರುಗಿದವು. ಕೆಳಗಿನಿಂದ ಮನೆಯ ಮಾಲೀಕರಾದ ಚಿಕ್ಕಬಸಪ್ಪನವರು ಮೆಟ್ಟಿಲು ಹತ್ತಿ ಬಂದರು.

“ಸ್ವಾಮಿ, ನಿಮ್ಮ ಕಾರು ನಮ್ಮ ರೇಡಿಯೋನೂ ಕುಡೀತಾ ಇದೆ. ವಾರ್ತೆ ಓದೋನಿಗೆ ಟೈಫಾಯ್ಡ್ ಬಂದಂಗಾಗಿದೆ.”

ಅಂದು ಉಭಯ ಪಕ್ಷಗಳ ನಡುವೆ ಒಪ್ಪಂದವಾಯಿತು: ಅವರ ರೇಡಿಯೋ ಹಾಡುವಾಗ ನನ್ನ ಕಾರು ಉಪವಾಸ. ರೇಡಿಯೋ ನಿಂತಾಗ ಕರೆಂಟು ಇರುತ್ತಿರಲಿಲ್ಲ. ಕರೆಂಟು ಬಂದಾಗ ರೇಡಿಯೋ ಹಾಡುತ್ತಿತ್ತು.

ಮೂವತ್ತು ಮೈಲಿಯ ಕಾರು ನಾಲ್ಕು ಮೈಲಿಗೆ ಇಳಿಯಿತು. ಹಾರ್ನ್ ಹೊಡೆದರೆ ಅದರಲ್ಲೂ ಅರ್ಧ ಫರ್ಲಾಂಗು ನಷ್ಟ. ಹೊಡೆಯದೆ ವಿಧಿಯಿರಲಿಲ್ಲ, ಯಾಕೆಂದರೆ ಸದ್ದಿಲ್ಲದ ಕಾರಿಗೆ ಬಸವೇಶ್ವರನಗರದ ಎಮ್ಮೆಗಳು ಬೆಲೆ ಕೊಡುತ್ತಿರಲಿಲ್ಲ. ಕೊನೆಗೆ ನಾನೇ ತಲೆ ಹೊರಗೆ ಹಾಕಿ ‘ಹೋಯ್’ ಎನ್ನುವುದನ್ನು ಅಭ್ಯಾಸ ಮಾಡಿಕೊಂಡೆ. ಕಾರಿನಲ್ಲಿ ನನಗೆ ತುಂಬ ಹಿಡಿಸಿದ ಭಾಗವೆಂದರೆ ಬ್ಯಾಟರಿಯ ಮುಳ್ಳು. ಅದು ಸದಾ ‘ಭರ್ತಿ’ ಎಂದೇ ತೋರಿಸುತ್ತಿತ್ತು. ಗಾಡಿ ನಡುಬೀದಿಯಲ್ಲಿ ನಿಂತುಹೋದಾಗಲೂ ಅದು ಧೈರ್ಯಗೆಡಲಿಲ್ಲ.

ಕಾರ್ಖಾನೆಯ ಎಲೆಕ್ಟ್ರಿಷಿಯನ್ ಮುನಿರಾಜುವನ್ನು ಒಂದು ಭಾನುವಾರ ಮನೆಗೆ ಕರೆಸಿದೆ. ಅವನು ಸೀಟು ಎತ್ತಲೂ ಇಲ್ಲ.

“ಸಾರ್, ಎಂಟ್ರಲ್ಲಿ ಐದು ಸತ್ತೋಗವೆ.”

“ನೋಡ್ದೇನೆ ಹೇಗೆ ಹೇಳ್ತೀಯಯ್ಯ?”

“ನೋಡಿದೀನಲ್ಲ ಸಾರ್, ಕಂಡೆಮ್ ಆಗೋಕ್ ಮುಂಚೆ. ಎಲ್ಲಾ ಟೆಸ್ಟ್ ಮಾಡಿ ರಿಪೋರ್ಟ್ ಬರ್ದು ನಿಮ್ ಫೈಲ್ಗೇ ಹಾಕಿದ್ದೆ. ಅದ್ರ ಮೇಲೇ ತಾನೇ ನೀವು ಸೈನ್ ಮಾಡಿದ್ದು?”

ಹನ್ನೆರಡು ವರ್ಷಗಳಲ್ಲಿ ನಾನು ಬರೆದುಕೊಟ್ಟ ಒಂದೇ ಒಂದು ನಿಜವಾದ ಸರ್ಟಿಫಿಕೇಟಿಗೆ ನಾನೇ ಗಿರಾಕಿಯಾಗಿದ್ದೆ.

ಈ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. ಬದುಕಿರುವ ಮೂರು ಬ್ಯಾಟರಿಗಳ ಮೇಲೆ ಭಾರ ಹಾಕಿ ಸುಮ್ಮನಿದ್ದೆ. ಅಷ್ಟರಲ್ಲಿ ಮಂಗಳಳಿಗೆ ಕಾಗದ ಬಂತು: ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಕೆಂಪೇಗೌಡ ರಸ್ತೆಯ ಬ್ಯಾಂಕಿನ ಕಚೇರಿಯಲ್ಲಿ ಹಾಜರಿರತಕ್ಕದ್ದು.

ಸೋಮವಾರ ಶಿವಗಂಗೆ ಮಗಳಿಗೆ ತನ್ನ ಇಳಕಲ್ ಸೀರೆ ಉಡಿಸಿ ಹಣೆಗೆ ವಿಭೂತಿ ಹಚ್ಚಿದಳು. ಕೈಯಲ್ಲಿ ಉಳಿದದ್ದನ್ನು ಕಾರಿನ ಮೂತಿಗೆ ಹಚ್ಚಿದಳು. ಆಮೇಲೆ ಮೆಲ್ಲಗೆ ಹೇಳಿದಳು.

“ಇವತ್ತೊಂದಿನ ಬಸ್ಸಲ್ಲಿ ಹೋಗ್ಲಿ ಬಿಡ್ರೀ.”

“ಭರ್ತಿ ಅಂತ ತೋರಿಸ್ತಾ ಇದೆ, ನೋಡು.”

“ಅದು ಮೊನ್ನೆ ನೀವು ತಳ್ಳಿಸ್ಕೊಂಡು ಬಂದಾಗ್ಲೂ ಹಂಗೇ ತೋರಿಸ್ತಿತ್ತು.”

ಚಿಕ್ಕಬಸಪ್ಪನವರು ಗೇಟಿನ ಬಳಿ ನಿಂತಿದ್ದರು. ಎದುರು ಮನೆಯವರು ಕಿಟಕಿಯಲ್ಲಿದ್ದರು. ಇಷ್ಟು ಜನರ ಮುಂದೆ ಕಾರಿದ್ದವನ ಮಗಳು ಬಸ್ ಸ್ಟಾಪಿಗೆ ನಡೆದು ಹೋಗುವುದೆಂದರೇನು? ಕಾರು ನಾಲ್ಕು ಮೈಲಿ ಓಡುತ್ತದೆ. ದಾರಿ ಮೂರೇ ಮೈಲಿ. ಲೆಕ್ಕ ಸರಿಯಾಗಿತ್ತು. ಎಂಟೂಮುಕ್ಕಾಲಿಗೆ ಹೊರಟೆವು.

ಮೈಲಿ ದಾಟುವಷ್ಟರಲ್ಲಿ ಕಾರು ನಡಿಗೆಯ ವೇಗಕ್ಕೆ ಇಳಿದು, ಮರ್ಯಾದೆಯಿಂದ ಒಂದು ಬಸ್ ಸ್ಟಾಪಿನ ಎದುರಿಗೇ ನಿಂತಿತು. ಹಿಂದೆಯೇ ಬಸ್ಸು ಬಂತು. ಆಶ್ಚರ್ಯವೆಂದರೆ ಅರ್ಧ ಖಾಲಿ.

“ಹತ್ಕಳಮ್ಮ, ಮೆಜೆಸ್ಟಿಕ್ಕು. ಸೀಟೈತೆ,” ಎಂದ ಕಂಡಕ್ಟರು.

ಮಂಗಳ ಕಾರಿನ ಬಾಗಿಲಿನ ಮೇಲೆ ಕೈಯಿಟ್ಟಳು. “ಅಪ್ಪಾ, ಹೋಗ್ಲಾ?”

“ಕೂತ್ಕೋಮ್ಮ. ಐದು ನಿಮಿಷ ಸುಮ್ನೆ ಬಿಟ್ರೆ ಬ್ಯಾಟರಿ ಚೇತರಿಸ್ಕೊಳ್ಳತ್ತೆ,” ಎಂದು ಅವಳಿಗೆ ಹೇಳಿ ಕಂಡಕ್ಟರನ ಕಡೆ ತಿರುಗಿದೆ. “ನೀನು ಹೋಗಯ್ಯ. ನಮಗೆ ಕಾರಿದೆ.”

ಅವನು ಕಾರನ್ನು ನೋಡಿದ. ನನ್ನನ್ನು ನೋಡಿದ. ದೊಡ್ಡ ಮನಸ್ಸು ಮಾಡಿ “ರೈಟ್” ಎಂದ.

ಐದು ನಿಮಿಷ ಹದಿನೈದಾಯಿತು. ಬ್ಯಾಟರಿ ಚೇತರಿಸಿಕೊಂಡದ್ದು ಹೌದು. ಓಕಳಿಪುರದ ರೈಲ್ವೆ ಸೇತುವೆಯವರೆಗೆ ತೆವಳಿತು. ಅಲ್ಲಿ ರಸ್ತೆ ಸೇತುವೆಯ ಕೆಳಗೆ ಇಳಿದು ಆಚೆ ಏರುತ್ತದೆ. ಇಳಿಯುವಾಗ ನನ್ನ ಕಾರು ತನ್ನ ಜೀವಮಾನದಲ್ಲೇ ಕಾಣದ ವೇಗ ಕಂಡಿತು. ನೋಡಮ್ಮ ಹೇಗೆ ಓಡುತ್ತಿದೆ ಎಂದು ಮಗಳಿಗೆ ಹೇಳಿದೆ. ತಳಕ್ಕೆ ಬಂದು ನಿಂತಿತು. ಆಮೇಲೆ ಹಾರ್ನ್ ಕೂಡ ಬರಲಿಲ್ಲ.

ಹಿಂದೆ ಎತ್ತಿನ ಗಾಡಿ, ಅದರ ಹಿಂದೆ ಲಾರಿ, ಅದರ ಹಿಂದೆ ಲೋಕ. ಲಾರಿಯ ಮೇಲಿಂದ ಒಬ್ಬ ಕೇಳಿದ: “ಏನ್ ಸಾರ್, ಕರೆಂಟ್ ಹೋಯ್ತಾ?” ಉಳಿದವರು ನಕ್ಕರು. ಯಾರೂ ಇಳಿಯಲಿಲ್ಲ.

ಇಂಥ ಸಂದರ್ಭದಲ್ಲಿ ಒಬ್ಬರು ಸ್ಟಿಯರಿಂಗ್ ಹಿಡಿಯಬೇಕು, ಇನ್ನೊಬ್ಬರು ತಳ್ಳಬೇಕು. ಸ್ಟಿಯರಿಂಗ್ ಹಿಡಿಯಲು ಬರುತ್ತಿದ್ದವನು ನಾನೊಬ್ಬನೇ. ಆದ್ದರಿಂದ ತಳ್ಳಿದವಳು ಮಂಗಳ.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಸರ್ಟಿಫಿಕೇಟುಗಳ ಫೈಲನ್ನು ಸೀಟಿನ ಮೇಲಿಟ್ಟು ತಳ್ಳಿದಳು. ನಾನು ಒಳಗೆ ಕೂತು ಗಂಭೀರವಾಗಿ ದಾರಿ ನೋಡಿಕೊಂಡೆ. ಏರು ಹತ್ತಿ ಮುಗಿಯುವಾಗ ಹತ್ತು ಗಂಟೆಗೆ ಎರಡು ನಿಮಿಷವಿತ್ತು.

“ಇನ್ನು ಮುಂದೆ ಸಮ ರಸ್ತೆ ಕಣಮ್ಮ,” ಎಂದೆ.

ಅವಳು ಫೈಲು ತೆಗೆದುಕೊಂಡು ಓಡಿದಳು.

ನಾನೂ ಹಿಂದೆ ಓಡಬಹುದಿತ್ತು. ಬ್ಯಾಂಕಿನವರ ಮುಂದೆ ಕೈ ಮುಗಿದು ತಪ್ಪು ನನ್ನದೆಂದು ಹೇಳಬಹುದಿತ್ತು. ಆದರೆ ಕಾರನ್ನು ರಸ್ತೆಯಲ್ಲಿ ಬಿಟ್ಟು ಹೋಗುವುದು ಹೇಗೆ? ಯಾರಾದರೂ ಕದ್ದುಬಿಟ್ಟರೆ? ಗುಜರಿಯವರೂ ಬೇಡವೆಂದ ಆ ವಸ್ತುವನ್ನು ಒಂದು ಗಂಟೆಗೂ ಹೆಚ್ಚು ಕಾಲ ಕಾದು ನಿಂತೆ.

ಮಂಗಳ ಅದೇ ದಾರಿಯಲ್ಲಿ ನಡೆದು ವಾಪಸು ಬಂದಳು.

“ಏನಂದ್ರಮ್ಮ?”

“ಹೆಸರು ಕೂಗಿ ಆಗಿತ್ತು. ಆಬ್ಸೆಂಟ್ ಅಂತ ಬರ್ಕೊಂಡಿದ್ರು.”

“ಸ್ವಲ್ಪ ತಡವಾಯ್ತು ಅಂತ ಹೇಳ್ಬಾರ್ದಿತ್ತಾ?”

“ಹೇಳ್ದೆ. ಯಾಕಮ್ಮ, ಬಸ್ ಸಿಗ್ಲಿಲ್ವಾ ಅಂತ ಕೇಳಿದ್ರು.”

“ನೀನೇನಂದೆ?”

“ಕಾರಲ್ಲಿ ಬಂದೆ ಅಂದೆ.” ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು, ಎರಡೂ ಕಪ್ಪಾಗಿದ್ದವು. “ಅವ್ರೂ ಕೈ ನೋಡಿದ್ರು.”

ಮಂಗಳ ಫೈಲನ್ನು ಸೀಟಿನ ಮೇಲಿಟ್ಟು, ಕಾರಿನ ಹಿಂದಕ್ಕೆ ಹೋಗಿ ನಿಂತಳು. ಮನೆಗೂ ತಳ್ಳಬೇಕಿತ್ತಲ್ಲ. ಈ ಸಲ ಅವಳ ಪಕ್ಕದಲ್ಲಿ ನಾನೂ ನಿಂತು ತಳ್ಳಿದೆ. ಸ್ಟಿಯರಿಂಗ್ ಹಿಡಿಯುವವರಿಲ್ಲದೆ ಕಾರು ಹತ್ತು ಗಜ ಹೋಗಿ ಚರಂಡಿಗೆ ಇಳಿಯಿತು. ಫೈಲು ತೆಗೆದುಕೊಂಡು, ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆವು. ಸೀಟು ಸಿಗಲಿಲ್ಲ.

ಶಿವಗಂಗೆ “ಬಾರೇ, ಕೈ ತೊಳ್ಕೋ,” ಎಂದು ಮಗಳನ್ನು ಬಚ್ಚಲಿಗೆ ಕರೆದುಕೊಂಡು ಹೋದಳು. ಆ ಮಸಿ ಹೋಗಲು ಎರಡು ದಿನ ಬೇಕಾಯಿತು.

ಅಂದೇ ನಾನು ಬ್ಯಾಂಕಿಗೆ ಒಂದು ಅರ್ಜಿ ಬರೆದೆ. ‘ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಆರಂಭಿಸಿ, ವಾಹನದ ವೈಫಲ್ಯ, ರಸ್ತೆಯ ಏರು, ಅಭ್ಯರ್ಥಿಯ ಅರ್ಹತೆ ಎಲ್ಲವನ್ನೂ ನಾಲ್ಕು ಪುಟ ವಿವರಿಸಿದೆ. ಇಡೀ ಜನ್ಮದಲ್ಲಿ ಅಷ್ಟು ಚೆನ್ನಾಗಿ ಬರೆದವನಲ್ಲ. ಒಂದು ಬಸ್ ಟಿಕೆಟ್ ಮಾಡಬಹುದಾಗಿದ್ದ ಕೆಲಸವನ್ನು ಆ ನಾಲ್ಕು ಪುಟಗಳಿಂದ ಮಾಡಿಸಲಾಗಲಿಲ್ಲ.

ಮೂರು ವಾರದ ಮೇಲೆ ಒಂದು ಸಾಲಿನ ಉತ್ತರ ಬಂತು. ಅಭ್ಯರ್ಥಿ ಗೈರುಹಾಜರಾದ ಕಾರಣ ಪರಿಶೀಲಿಸಲು ಸಾಧ್ಯವಿಲ್ಲ. ಆ ವರ್ಷದ ಕೊನೆಗೆ ಮಂಗಳಳ ವಯೋಮಿತಿ ಮುಗಿಯಿತು.